ಅವ್ವನ ಬೆನ್ನು, ನನ್ನ ಕಾಲು

ನಾನು ಕಾಲು ಮುಂದಾಗಿ ಹುಟ್ಟಿದವಳು ಎಂಬುದು ನಮ್ಮ ಓಣಿಗೆಲ್ಲ ಗೊತ್ತಿತ್ತು. ಲೋಕದ ಮಕ್ಕಳೆಲ್ಲ ತಲೆಯಿಂದ ಬರುತ್ತವೆ, ನಾನು ಕಾಲಿನಿಂದ ಬಂದೆ. ಹಾಗೆ ಬಂದವರ ಕಾಲಿಗೆ ಗುಣವಿರುತ್ತದೆ, ಅವರು ತುಳಿದರೆ ಹಿಡಿದ ಟೊಂಕ ಬಿಡುತ್ತದೆ ಎಂದು ನಮ್ಮ ಕಡೆಯ ನಂಬಿಕೆ. ಹೀಗಾಗಿ ಹಳೇ ಹುಬ್ಬಳ್ಳಿಯ ನಮ್ಮ ಮನೆಯ ಕಟ್ಟೆಯ ಮೇಲೆ ಬೆಳಗಾಗುತ್ತಲೇ ಯಾರಾದರೊಬ್ಬರು ಸೊಂಟ ಹಿಡಿದುಕೊಂಡು ಕೂತಿರುತ್ತಿದ್ದರು. ಅವರು ಪಡಸಾಲೆಯಲ್ಲಿ ಬೋರಲು ಮಲಗಬೇಕು, ನಾನು ಕಣ್ಣು ತಿಕ್ಕುತ್ತ ಬಂದು ಎಡಗಾಲನ್ನು ಅವರ ಟೊಂಕದ ಮೇಲಿಟ್ಟು ಒತ್ತಬೇಕು. ಹತ್ತಿಯ ಅಂಡಿಗೆ ಹೊರುವ ದೊಡ್ಡ ಮೀಸೆಯ ಹಮಾಲರು ನನ್ನ ಕಾಲ ಕೆಳಗೆ ಬಿದ್ದುಕೊಂಡು "ಇನ್ನೊಂಚೂರು ಜೋರಲೇ ಒತ್ತ ನಮ್ಮವ್ವಾ" ಎಂದು ಗೋಗರೆಯುತ್ತಿದ್ದರು. ಹೋಗುವಾಗ ನನ್ನ ಕೈಗೆ ಬೆಲ್ಲವನ್ನೋ ಚುರಮುರಿಯನ್ನೋ ಇಟ್ಟು ಹೋಗುತ್ತಿದ್ದರು. ನನಗೆ ಸೊಕ್ಕು ಬಂದಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಆ ಸೊಕ್ಕಿಗೆ ಇನ್ನೊಂದು ಕಾರಣವೂ ಇತ್ತು. ನಾನು ಮೂರನೆಯ ಹೆಣ್ಣು. ನಮ್ಮ ಅಪ್ಪನದು ಹತ್ತಿಯ ಅಡತಿ ಅಂಗಡಿ, ಮನೆ ತುಂಬ ಜನ, ಮನೆಯ ಯಜಮಾನಿಕೆ ಅಪ್ಪನ ತಾಯಿಯದು. ಅವಳನ್ನು ನಾವು ಆಯಿ ಎನ್ನುತ್ತಿದ್ದೆವು. ನಾನು ಹುಟ್ಟಿದ್ದು ಗರಗದಲ್ಲಿ, ಅವ್ವನ ತವರಿನಲ್ಲಿ. ಮೂರನೆಯದೂ ಹೆಣ್ಣೆಂದು ಕೇಳಿ ಆಯಿ ತೊಟ್ಟಿಲಿಗೆ ಹಾಕುವ ದಿನ ಗರಗಕ್ಕೆ ಬರಲೇ ಇಲ್ಲವಂತೆ. ಆದರೆ ನಾನು ನಡೆಯಲು ಕಲಿತ ಮೇಲೆ ಒಂದು ಸಲ ಆಯಿಯ ಟೊಂಕ ಹಿಡಿಯಿತು. ನನ್ನನ್ನು ಎತ್ತಿ ಅವಳ ಬೆನ್ನ ಮೇಲೆ ನಿಲ್ಲಿಸಿದರು. ನೋವು ಬಿಟ್ಟಿತು. ಅವತ್ತಿನಿಂದ ನಾನು ಆಯಿಯ ಮಗ್ಗುಲಲ್ಲಿ ಉಣ್ಣುವವಳಾದೆ. ನನ್ನ ಇಬ್ಬರು ಅಕ್ಕಂದಿರನ್ನು ಅಕ್ಷರ ಕೂಡಿಸಿ ಓದುವುದರೊಳಗಾಗಿ ಸಾಲೆ ಬಿಡಿಸಿ ಮದುವೆ ಮಾಡಿಬಿಟ್ಟಿದ್ದರು. ನನ್ನ ಮದುವೆಯ ಮಾತು ಬಂದಾಗ ಮಾತ್ರ ಆಯಿ "ಆ ಕಾಲು ನಮ್ಮ ಮನ್ಯಾಗ ಇರ್ಲಿ" ಎಂದಳು. ಮನೆಯಲ್ಲಿ ಇರುವವಳು ಸುಮ್ಮನೆ ಇರುವುದೇಕೆ ಎಂದು ಅಪ್ಪ ನನ್ನನ್ನು ಸಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ತಂದಿದ್ದ.

ಆ ವರ್ಷ ಅಪ್ಪನ ತಮ್ಮ, ನಮ್ಮ ಕಾಕಾನ ಮದುವೆ ಗೊತ್ತಾಗಿತ್ತು. ಅಟ್ಟದ ಮೇಲಿನ ತಾಮ್ರದ ಹಂಡೆಗಳನ್ನು ಇಳಿಸಿ ಬೆಳಗಬೇಕಿತ್ತು. ಅವ್ವ ನಿಚ್ಚಣಿಕೆ ಹತ್ತಿದಳು. ಹಂಡೆಯನ್ನು ತೆಕ್ಕೆಗೆ ತೆಗೆದುಕೊಂಡು ಇಳಿಯುವಾಗ ಸೀರೆಯ ನೆರಿಗೆ ಕಾಲಿಗೆ ಸಿಕ್ಕಿತು. ಹಂಡೆ ಒಂದು ಕಡೆ ಹೋಯಿತು, ಅವ್ವ ಇನ್ನೊಂದು ಕಡೆ ಬಂದು ಹೊಸ್ತಿಲಿಗೆ ಬೆನ್ನು ಬಡಿಯುವಂತೆ ಬಿದ್ದಳು. ಆಯಿ ಮೊದಲು ಹಂಡೆ ತಗ್ಗು ಬಿದ್ದಿತೇನೋ ಎಂದು ನೋಡಿದಳು. ಇದನ್ನು ನಾನು ಸಿಟ್ಟಿನಿಂದ ಬರೆಯುತ್ತಿಲ್ಲ, ಕಂಡದ್ದನ್ನು ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಅವ್ವ ಬಿದ್ದರೆ ಏಳುತ್ತಾಳೆ ಎಂದು ಎಲ್ಲರಿಗೂ ಖಾತ್ರಿಯಿತ್ತು.

ಅವ್ವ ಏಳಲಿಲ್ಲ. ಹೆಂಗಸರು ಕಂಕುಳಲ್ಲಿ ಕೈಹಾಕಿ ಎತ್ತಿ ಕೂಡಿಸಲು ಹೋದರು. ಆಗ ಅವ್ವ ಕೂಗಿದಳು. ತಲೆಯ ಮೇಲಿನ ಸೆರಗು ಜಾರದಂತೆ ಮೆಲ್ಲಗೆ ಮಾತಾಡುವ ಅವ್ವನ ದನಿ ಅಷ್ಟು ದೊಡ್ಡದಿದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ನಾನು ಹೆದರಿ ಅಂಗಡಿಗೆ ಓಡಿದೆ.

ಅಪ್ಪ ಟಾಂಗಾ ಕಳಿಸಿ ಡಾಕ್ಟರರನ್ನು ಕರೆಸಿದ. ಅವರು ಧಾರವಾಡದವರು, ಹುಬ್ಬಳ್ಳಿಯಲ್ಲಿ ದವಾಖಾನೆ ಇಟ್ಟಿದ್ದರು. ನಗುವ ಪೈಕಿ ಅಲ್ಲ. ಅವ್ವನ ಅಂಗಾಲಿಗೆ ಗುಂಡುಸೂಜಿ ತಾಗಿಸಿ "ಚುಚ್ಚಿದ್ದು ತಿಳೀತದೇನ್ರಿ?" ಎಂದು ಕೇಳಿದರು. ಬೆರಳು ಆಡಿಸಲು ಹೇಳಿದರು. ಅವ್ವನ ಹೆಬ್ಬೆರಳು ಅಲುಗಿದಾಗ ಡಾಕ್ಟರರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

"ಬೆನ್ನಿನ ಎಲುಬಿಗೆ ಪೆಟ್ಟ ಬಿದ್ದದ. ಬೆರಳ ಆಡ್ತಾವ, ಅದೊಂದು ಛಲೋ ಆತು. ಇನ್ನ ಆ ಎಲುಬು ತಾನ ಕೂಡಬೇಕು. ಕೂಡೋತನಕಾ ಇವರು ಹಲಿಗಿ ಮ್ಯಾಲೆ ಮಲಗಿರಬೇಕು. ಏಳಬಾರದು, ಕುಂಡ್ರಬಾರದು. ಹೊಳ್ಳಸೋದಿದ್ರ ಇಡೀ ಮೈ ಒಮ್ಮೆಲೇ ಹೊಳ್ಳಸ್ರಿ."

"ಎಷ್ಟ ದಿವಸರೀ?" ಅಪ್ಪ ಕೇಳಿದ.

"ದಿವಸ ಅಲ್ರಿ, ತಿಂಗಳ."

ಬಾಗಿಲ ಮರೆಯಿಂದ ಆಯಿ ಕೇಳಿದಳು: "ಔಷಧಾ ಏನ ಕೊಡ್ತೀರಿ?"

"ಮಲಗೋದ ಔಷಧರೀ."

ಆಯಿಗೆ ಈ ಮನುಷ್ಯ ತನ್ನನ್ನು ಚೇಷ್ಟೆ ಮಾಡುತ್ತಿದ್ದಾನೆ ಅನಿಸಿತು. ಡಾಕ್ಟರರು ಕೈ ತೊಳೆಯುತ್ತ ಮುಂದುವರಿಸಿದರು: "ಎಣ್ಣಿ ಹಚ್ಚಿ ತಿಕ್ಕೋದು, ಎಳಿಯೋದು, ತುಳಸೋದು, ಏನೂ ಮಾಡಬ್ಯಾಡ್ರಿ. ಆ ಎಲುಬು ಒಂಚೂರು ಸರೀತಂದ್ರ ಕಾಲು ಹೋಗ್ತಾವ. ಆಮ್ಯಾಲೆ ನನ್ನ ಕರದು ಉಪಯೋಗಿಲ್ಲ."

ತುಳಿಸುವುದು ಎಂಬ ಮಾತು ಬಂದಾಗ ಕೋಣೆಯಲ್ಲಿದ್ದವರೆಲ್ಲ ನನ್ನ ಕಾಲು ನೋಡಿದರು. ಡಾಕ್ಟರರಿಗೆ ಅದು ತಿಳಿಯಲಿಲ್ಲ. ನಾನು ಎರಡೂ ಕಾಲನ್ನು ಉಟ್ಟ ಪರಕಾರದೊಳಗೆ ಎಳೆದುಕೊಂಡು ಕೂತೆ.

ಉಗ್ರಾಣದ ಕದವನ್ನೇ ಕಿತ್ತು ತಂದು ಹಲಗೆಯಾಗಿ ಮಂಚದ ಮೇಲೆ ಹಾಸಿದರು. ಹತ್ತಿ ವ್ಯಾಪಾರದವರ ಮನೆ, ಗಾದಿಗೇನೂ ಬರವಿಲ್ಲ. ಆದರೂ ಡಾಕ್ಟರರು ಒಂದು ಜಮಖಾನೆಗಿಂತ ಹೆಚ್ಚಿಗೆ ಏನನ್ನೂ ಹಾಸಗೊಡಲಿಲ್ಲ. ಇದು ಬೀಗರಿಗೆ, ಬಂಧುಗಳಿಗೆ ದೊಡ್ಡ ಅಪಮಾನವಾಗಿ ಕಂಡಿತು. ನೋಡಲು ಬಂದ ಒಬ್ಬಿಬ್ಬರು ಅವ್ವನ ಕೆಳಗೆ ಗುಟ್ಟಾಗಿ ಮೆತ್ತೆ ತುರುಕಿದರು. ಡಾಕ್ಟರರು ಬಂದಾಗಲೆಲ್ಲ ಮಾತಾಡದೆ ಅದನ್ನು ಎಳೆದು ಹೊರಗೆ ಒಗೆಯುತ್ತಿದ್ದರು.

ಸುಮ್ಮನೆ ಮಲಗುವುದು ಎಷ್ಟು ಕಷ್ಟದ ಕೆಲಸವೆಂದು ನಾನು ಕಂಡದ್ದು ಆಗಲೇ. ಅವ್ವನಿಗೆ ಆ ಕೆಲಸ ಬರುತ್ತಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಅವಳು ಹಗಲು ಹೊತ್ತು ಮೈ ಚಾಚಿದ್ದನ್ನು ಯಾರೂ ಕಂಡಿರಲಿಲ್ಲ, ಬಾಣಂತಿತನವನ್ನು ಬಿಟ್ಟು. ಅಡಿಗೆ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಅವಳ ಅಂಗೈ ಹಲಗೆಯ ಮೇಲೆ ತಾನೇ ಆಡುತ್ತಿತ್ತು. ಹಾಲು ಉಕ್ಕಿದ ವಾಸನೆ ಬಂದರೆ ಏಳಲು ಹೋಗಿ ಹಲ್ಲು ಕಚ್ಚುತ್ತಿದ್ದಳು. ಕೊನೆಗೆ ಎದೆಯ ಮೇಲೆ ಹತ್ತಿ ಇಟ್ಟುಕೊಂಡು, ಕೈ ಎತ್ತಿ ಹಿಡಿದು, ದೀಪದ ಬತ್ತಿ ಹೊಸೆಯತೊಡಗಿದಳು. ಎಷ್ಟು ಹೊಸೆದಳೆಂದರೆ ಓಣಿಯ ಎಲ್ಲ ಮನೆಯ ದೇವರಿಗೂ ಹಂಚಿ ಉಳಿಯಿತು. ಮೈ ಒರೆಸುವುದರಿಂದ ಹಿಡಿದು ಬಹಿರ್ದೆಸೆಯವರೆಗೆ ಎಲ್ಲವೂ ಹಲಗೆಯ ಮೇಲೆಯೇ ಆಗಬೇಕಿತ್ತು. ಆ ಹೊತ್ತಿನಲ್ಲಿ ಅವ್ವ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ನಮ್ಮಿಬ್ಬರ ನಡುವೆ ಒಂದು ಆಟ ಬೆಳೆದಿತ್ತು. ಸಾಲೆಯಿಂದ ಬಂದವಳೇ ಪಾಟಿಚೀಲ ಒಗೆದು ಅವಳ ಕಾಲ ಬುಡದಲ್ಲಿ ನಿಲ್ಲುತ್ತಿದ್ದೆ. ಹೊದಿಕೆಯ ತುದಿಯಲ್ಲಿ ಅವಳ ಹೆಬ್ಬೆರಳು ಅಲುಗುತ್ತಿತ್ತು. "ಇನ್ನೂ ಐತಿ" ಎನ್ನುತ್ತಿದ್ದಳು ಅವ್ವ. ಅಷ್ಟಾದ ಮೇಲೆಯೇ ನನಗೆ ಊಟ ಸೇರುತ್ತಿತ್ತು.

ಆಯಿಯನ್ನು ಕೆಟ್ಟವಳೆಂದು ಓದುವವರು ತಿಳಿಯಬಾರದು. ಅವಳು ಮಕ್ಕಳನ್ನು ಹೆತ್ತವಳು, ಹೂತವಳು, ಗಂಡ ಸತ್ತ ಮೇಲೆ ಈ ಮನೆಯನ್ನು ನಿಲ್ಲಿಸಿದವಳು. ಅದೆಲ್ಲವನ್ನೂ ನಿಂತುಕೊಂಡೇ ಮಾಡಿದವಳು. ಮಲಗಿದವರು ಮಲಗಿಯೇ ಹೋಗುತ್ತಾರೆ ಎಂದು ಅವಳ ಭಯ. ದಿನ ಹೋದಂತೆ ಅವ್ವನ ಕಾಲು ತೆಳ್ಳಗಾದವು, ಮೀನಖಂಡ ಇಳಿಯಿತು. ಅದನ್ನು ಮುಟ್ಟಿ ನೋಡಿ ಆಯಿ "ಮಲಗಿಸಿ ಮಲಗಿಸಿ ಹುಡುಗೀನ್ನ ಕೊಲ್ಲಾಕತ್ತಾನ ಆ ಡಾಕ್ಟರ" ಎಂದಳು. ಜೊತೆಗೆ ಮದುವೆ ಹತ್ತಿರ ಬರುತ್ತಿತ್ತು. ಶಾವಿಗೆ ಹೊಸೆಯಬೇಕು, ಹಪ್ಪಳ ಸಂಡಿಗೆ ಆಗಬೇಕು, ಬೀಗರೆದುರು ಹಿರೇಸೊಸೆ ನಿಲ್ಲಬೇಕು. ನೋಡಲು ಬಂದ ಹೆಂಗಸರು "ಮಲಗಾಕೂ ಪಡಕೊಂಡ ಬಂದಿರಬೇಕವ್ವಾ" ಎಂದು ಅವ್ವನಿಗೆ ಕೇಳುವಂತೆ ನಕ್ಕು ಹೋಗುತ್ತಿದ್ದರು. ಹೋಗುವಾಗ ಆಯಿಗೆ ಒಂದು ಮಾತು ಹೇಳುವುದನ್ನು ಮರೆಯುತ್ತಿರಲಿಲ್ಲ: "ಊರ ಮಂದಿ ಟೊಂಕಾ ಬಿಡಸೋ ಕಾಲು ಮನ್ಯಾಗ ಐತಿ. ಸ್ವಂತ ತಾಯಿಗಿಲ್ಲೇನು?"

ಆಮೇಲೆ ಆಯಿ ನನ್ನನ್ನು ನೋಡುವ ರೀತಿಯೇ ಬದಲಾಯಿತು. ಊಟಕ್ಕೆ ಕೂತರೆ ಕೆನೆಯ ಬಟ್ಟಲು ನನ್ನ ಕಡೆ ಸರಿಯುತ್ತಿತ್ತು, ಕಣ್ಣು ಮಾತ್ರ ನನ್ನ ಕಾಲಿನ ಕಡೆ ಇರುತ್ತಿತ್ತು. ಅಪ್ಪನೆದುರು ಅವಳು ಒಂದೆರಡು ಸಲ ಮಾತು ತೆಗೆದಳು. ಅಪ್ಪ "ಡಾಕ್ಟರ ಬ್ಯಾಡ ಅಂದಾರ" ಎಂದು ಗೊಣಗಿ ಅಂಗಡಿಗೆ ಹೋಗಿಬಿಟ್ಟ. ತಾಯಿಗೆ ಎದುರಾಡುವ ಪೈಕಿ ಅವನಲ್ಲ, ಅವಳ ಮಾತು ಕೇಳುವ ಧೈರ್ಯವೂ ಅವನಿಗಿರಲಿಲ್ಲ. ನನಗೆ ಸಾಲೆಯಲ್ಲಿ ಲೆಕ್ಕ ತಲೆಗೆ ಹತ್ತದಂತಾಯಿತು. ಆಯಿ ತುಳಿಯಲು ಕರೆದರೆ ಏನು ಮಾಡಲಿ ಎಂಬುದೊಂದೇ ಯೋಚನೆ. ನನ್ನ ಕಾಲಿನಲ್ಲಿ ಗುಣವಿದೆ ಎಂದು ನಾನೂ ನಂಬಿದ್ದೆ. ಎಲುಬು ಸರಿದರೆ ಕಾಲು ಹೋಗುತ್ತವೆ ಎಂಬುದನ್ನೂ ನಂಬಿದ್ದೆ. ಎರಡೂ ಒಟ್ಟಿಗೆ ಖರೆ ಆಗಲಾರವು ಎಂದು ತಿಳಿಯುವ ವಯಸ್ಸಲ್ಲ ಅದು.

ಅಪ್ಪ ವ್ಯಾಪಾರಕ್ಕೆಂದು ಗದುಗಿಗೆ ಹೋದ ದಿನ, ಮಧ್ಯಾಹ್ನ, ನಾನು ಸಾಲೆಯಿಂದ ಬರುವಷ್ಟರಲ್ಲಿ ಅವ್ವನ ಕೋಣೆಯಲ್ಲಿ ನೆರೆಮನೆಯ ಇಬ್ಬರು ಹೆಂಗಸರಿದ್ದರು. ಅವ್ವನನ್ನು ಬೋರಲು ಮಲಗಿಸಿದ್ದರು. ಡಾಕ್ಟರರು ಹೇಳಿದಂತೆ ಇಡೀ ಮೈ ಒಮ್ಮೆಲೇ ಹೊರಳಿಸಿದರಂತೆ. ಅಷ್ಟರ ಮಟ್ಟಿಗೆ ಡಾಕ್ಟರರ ಮಾತು ನಡೆಸಿದ್ದರು. ಆಯಿ ತಂಬಿಗೆ ಹಿಡಿದುಕೊಂಡು ನಿಂತಿದ್ದಳು.

"ಬಾ ನನ್ನವ್ವಾ" ಎಂದಳು. ಕೂತು, ನನ್ನ ಎಡಗಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ತೊಳೆದಳು. ಬೆರಳ ಸಂದಿಯ ಮಣ್ಣನ್ನೂ ಬಿಡದೆ ತೊಳೆದು ಸೆರಗಿನಿಂದ ಒರೆಸಿದಳು. ಇಡೀ ಮನೆಯನ್ನು ಆಳುವವಳು ನನ್ನ ಕಾಲು ತೊಳೆಯುತ್ತಿದ್ದಳು. ನನಗೆ ಅಳು ಬಂದಿತು.

"ಅವ್ವಗ ಕಾಲ ತಾಗಸಬಾರದಲ್ಲಾ ಆಯಿ" ಎಂದೆ. ಹೆತ್ತವರಿಗೆ ಕಾಲು ತಗುಲಿದರೆ ಪಾಪವೆಂದು ಕಲಿಸಿದವಳೂ ಅವಳೇ.

"ಮೊದಲ ಶರಣ ಮಾಡು, ಆಮ್ಯಾಲೆ ಕಾಲಿಡು. ದೇವರಿಗೆ ತಿಳೀತೈತಿ."

ನಾನು ಅವ್ವನ ಕಾಲ ಬಳಿ ಹೋಗಿ ಹಣೆ ಹಚ್ಚಿದೆ. ಅವಳ ಅಂಗಾಲು ತಣ್ಣಗಿದ್ದವು. "ಅವ್ವಾ, ಬೆರಳ ಆಡಸು" ಎಂದು ಮೆಲ್ಲಗೆ ಹೇಳಿದೆ. ಹೆಬ್ಬೆರಳು ಅಲುಗಿತು. ಇನ್ನೂ ಐತಿ ಎಂಬ ಮಾತು ಮಾತ್ರ ಬರಲಿಲ್ಲ.

ಮಂಚ ಹತ್ತಿದೆ. ಹೆಂಗಸರು ಆಚೆ ಈಚೆ ನಿಂತು ನನ್ನ ಕೈ ಹಿಡಿದುಕೊಂಡರು. ಅವ್ವನ ಬೆನ್ನನ್ನು ನಾನು ನೋಡಿದ್ದು ಅದೇ ಮೊದಲು. ಟೊಂಕದ ಮೇಲೆ ಹಳದಿಗೆ ತಿರುಗಿದ ಬಾವು, ಅದರ ನಡುವೆ ಒಂದು ಎಲುಬು ಉಳಿದವುಗಳಿಗಿಂತ ಚೂರು ಎದ್ದುಕೊಂಡಿತ್ತು. ಅವ್ವ ಮುಖವನ್ನು ಗೋಡೆಯ ಕಡೆ ಮಾಡಿದ್ದಳು. ಕೈಗಳು ಹಲಗೆಯ ಅಂಚನ್ನು ಹಿಡಿದಿದ್ದವು. ಅವಳು ಬ್ಯಾಡ ಎನ್ನಲಿ ಎಂದು ನಾನು ಕಾದೆ. ಒಂದೇ ಮಾತು ಸಾಕಾಗಿತ್ತು. ಹೊಸ್ತಿಲ ಬಳಿ ಬಿದ್ದಾಗ ಅಷ್ಟು ದೊಡ್ಡದಾಗಿ ಕೂಗಿದವಳು ಈಗ ಉಸಿರು ಕೂಡ ಬಿಡುತ್ತಿರಲಿಲ್ಲ.

"ಇಡು" ಎಂದಳು ಆಯಿ.

ಕಾಲಿಟ್ಟೆ. ಭಾರ ಹಾಕಲಿಲ್ಲ, ಇಟ್ಟೆ ಅಷ್ಟೇ. ನನ್ನ ಅಂಗಾಲಿನ ಕೆಳಗೆ ಅವ್ವನ ಮೈಯೆಲ್ಲ ಬಿಗಿಯಿತು. ಹಮಾಲರ ಬೆನ್ನು ಎಂದೂ ಹಾಗೆ ಆಗಿರಲಿಲ್ಲ. ಅವರು ಮೈ ಸಡಿಲ ಬಿಟ್ಟು ಕೊಡುತ್ತಿದ್ದರು. ಇದು ಹೆದರಿದ ಬೆನ್ನು. ಅದು ನನ್ನ ಕಾಲಿಗೇ ತಿಳಿಯಿತು. ಕಾಲು ತೆಗೆದೆ, ಕೈ ಕೊಸರಿಕೊಂಡೆ, ಕೆಳಗೆ ಹಾರಿ ಮಂಚದ ಕಾಲನ್ನು ತಬ್ಬಿ ಕೂತೆ.

"ನಾ ಒಲ್ಲೆ."

ಆಯಿ ರಮಿಸಿದಳು, ಬೈದಳು, ಕೊನೆಗೆ ಬೆನ್ನಿಗೆ ಗುದ್ದಿದಳು. ನನ್ನ ರಟ್ಟೆ ಹಿಡಿದು ಎಳೆದರೆ ಮಂಚ ಅಲುಗಾಡುತ್ತಿತ್ತು, ಮಂಚ ಅಲುಗಾಡಿದರೆ ಅವ್ವ ನರಳುತ್ತಿದ್ದಳು. ಅದನ್ನು ಕೇಳಿ ಆಯಿಯೇ ಕೈ ಬಿಟ್ಟಳು.

"ಹೋತು" ಎಂದಳು ಆಯಿ. "ಕೇಳಿದವರಿಗೆ ಇಲ್ಲಂದ ಮ್ಯಾಲೆ ಕಾಲಿನ ಗುಣಾ ಇವತ್ತಿಗೆ ಹೋತು."

ಅವ್ವನನ್ನು ಮತ್ತೆ ಅಂಗಾತ ಹೊರಳಿಸಿದರು. ಅವಳ ಮುಖ ಬೆವರಿನಿಂದ ತೊಯ್ದಿತ್ತು. ನನ್ನ ಕಡೆ ನೋಡಲಿಲ್ಲ. ನನಗೆ ಆಯಿಯ ಮೇಲೆ ಬಂದದ್ದಕ್ಕಿಂತ ಹೆಚ್ಚಿನ ಸಿಟ್ಟು ಬಂದದ್ದು ಅವ್ವನ ಮೇಲೆ. ತನ್ನ ಬೆನ್ನನ್ನು ತಾನೇ ಕಾಯದೆ ನನ್ನ ಕಾಲಿಗೆ ಬಿಟ್ಟಳಲ್ಲ ಎಂಬ ಸಿಟ್ಟು ಅದು. ವರ್ಷಗಟ್ಟಲೆ ಉಳಿಯಿತು.

ಗದುಗಿನಿಂದ ಬಂದ ಅಪ್ಪನಿಗೆ ಸುದ್ದಿ ತಿಳಿಯಿತು. ಅವನು ಆಯಿಯ ಮುಂದೆ ನಿಂತು, ನೆಲ ನೋಡುತ್ತ, "ಇನ್ನಮ್ಯಾಲೆ ಡಾಕ್ಟರನ್ನ ಬಿಟ್ಟು ಆಕೀ ಮೈ ಯಾರೂ ಮುಟ್ಟಬಾರದು" ಎಂದ. ತಾಯಿಗೆ ಅವನು ಎದುರಾಡಿದ್ದು ನನಗೆ ನೆನಪಿರುವಂತೆ ಅದೊಂದೇ ಸಲ. ಆಯಿ ಅಂದು ಉಣ್ಣಲಿಲ್ಲ. ಮರುದಿನ ನನ್ನ ಪಾಟಿಚೀಲವನ್ನು ಗೂಟದಿಂದ ತೆಗೆದಳು. "ಗುಣಾ ಹೋದ ಹುಡುಗೀಗೆ ಸಾಲಿ ಯಾಕ? ತಾಯಿ ಕೆಲಸಾ ಯಾರ ಮಾಡ್ತಾರ?" ಎಂದಳು. ಅಪ್ಪನ ಧೈರ್ಯ ಹಿಂದಿನ ದಿನವೇ ಮುಗಿದುಹೋಗಿತ್ತು. ನಾನು ಒಲೆಯ ಮುಂದೆ ಕೂತೆ. ನನ್ನ ಮೊದಮೊದಲ ರೊಟ್ಟಿಗಳನ್ನು ದನವೂ ಮೂಸಿ ನೋಡಿ ತಿನ್ನುತ್ತಿತ್ತು. ಕಟ್ಟೆಯ ಮೇಲೆ ಬಂದು ಕೂಡುವವರು ಬರದಾದರು. ಕೆನೆಯ ಬಟ್ಟಲೂ ನನ್ನ ಕಡೆ ಬರುವುದು ನಿಂತಿತು. ಆಗ ತಿಳಿಯಿತು, ಆ ಮನೆಯಲ್ಲಿ ನನ್ನದೆನ್ನುವುದು ಇದ್ದದ್ದು ಆ ಒಂದು ಕಾಲು ಮಾತ್ರ.

ಕಾಕಾನ ಮದುವೆ ಆಯಿತು. ಅವ್ವ ಒಳಗೆ ಮಲಗಿ ವಾಲಗ ಕೇಳಿದಳು. ಬೀಗರ ಹೆಂಗಸರು ಬಾಗಿಲಲ್ಲಿ ನಿಂತು ಹಲಗೆಯ ಮೇಲಿನ ಸೊಸೆಯನ್ನು ನೋಡಿ ಹೋದರು. ಶಾವಿಗೆಯನ್ನು ಆಯಿ ತಾನೇ ಕೂತು ಹೊಸೆದಳು. ಡಾಕ್ಟರರು ಅವಸರ ಮಾಡಲಿಲ್ಲ. ಬಂದು ಬೆನ್ನಿನ ಮೇಲೆ ಬೆರಳಾಡಿಸುವರು, "ಇನ್ನೂ ಮಲಗ್ರಿ" ಎಂದು ಹೋಗುವರು. ಈಗಿನ ಡಾಕ್ಟರರು ಬೆನ್ನು ನೋವಿಗೆ ಅಷ್ಟೆಲ್ಲ ಮಲಗಬೇಡಿ, ಎದ್ದು ಓಡಾಡಿ ಎನ್ನುತ್ತಾರೆ. ಇರಬಹುದು. ಅವ್ವನದು ಬರೀ ನೋವಾಗಿರಲಿಲ್ಲ, ಒಡೆದ ಎಲುಬು. ಅದಕ್ಕೆ ಬೇಕಾದದ್ದು ತನ್ನನ್ನು ಯಾರೂ ಮುಟ್ಟದೆ ಬಿಡುವುದು, ಅದೊಂದನ್ನು ಬಿಟ್ಟು ಬೇರೆಲ್ಲವನ್ನೂ ಕೊಡಲು ನಮ್ಮ ಮನೆಯವರು ತಯಾರಿದ್ದರು.

ಒಂದು ದಿನ ಡಾಕ್ಟರರು ಎದ್ದು ಕೂಡಲು ಹೇಳಿದರು. ಕೂತ ಅವ್ವ ಕಣ್ಣು ಕತ್ತಲೆ ಬಂದು ಮತ್ತೆ ಮಲಗಿದಳು. ಕೆಲವು ದಿನ ಹಾಗೇ ಹೋಯಿತು. ಆಮೇಲೆ ಗೋಡೆ ಹಿಡಿದು ನಿಂತಳು. ಕಾಲು ನಡುಗುತ್ತಿದ್ದವು, ಆದರೆ ಅವಳದೇ ಕಾಲು, ಅವಳ ಮಾತು ಕೇಳುತ್ತಿದ್ದವು. ನಾನು ಒಲೆಯ ಮುಂದೆ ಅತ್ತೆ. ಹೊಗೆಗೆ ಕಣ್ಣೀರು ಬಂತು ಎಂದೆ, ಯಾರೂ ಕೇಳದಿದ್ದರೂ. ಆಯಿ ಅಂದಿನಿಂದ ಬಂದವರಿಗೆಲ್ಲ "ನಮ್ಮ ಸೊಸಿ ಮಲಗೇ ಗುಣಾ ಆದ್ಲು, ಯಾರೂ ಆಕೀನ್ನ ಮುಟ್ಟಲಿಲ್ಲ" ಎಂದು ಹೇಳತೊಡಗಿದಳು. ಕೇಳಿದವರು ಈ ಉಪಾಯ ಅವಳದೇ ಎಂದು ತಿಳಿಯಬೇಕು, ಹಾಗೆ ಹೇಳುತ್ತಿದ್ದಳು.

ಹೊಸ್ತಿಲು ದಾಟುವಷ್ಟು ಶಕ್ತಿ ಬಂದ ಮೇಲೆ ಅವ್ವ ಮೊದಲು ಹೋದದ್ದು ಗುಡಿಗಲ್ಲ. ಪಾಟಿಚೀಲವನ್ನು ಹುಡುಕಿ ತೆಗೆದು, ನನ್ನ ಹೆಗಲ ಮೇಲೆ ಕೈಯೂರಿ, ಅಲ್ಲಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತ, ನನ್ನನ್ನು ಸಾಲೆಗೆ ಮುಟ್ಟಿಸಿದಳು. ಆಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಆ ಬೆನ್ನಿಗೆ ಎದುರಾಗಿ ಏನನ್ನೂ ಹೇಳುವ ಧೈರ್ಯ ಅವಳಿಗೂ ಇರಲಿಲ್ಲ. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದೆ. ಕನ್ನಡ ಸಾಲೆಯಲ್ಲಿ ಮಾಸ್ತರಿಕೆ ಮಾಡಿದೆ.

ವರ್ಷಗಳಾದ ಮೇಲೆ, ಆಯಿ ತೀರಿಕೊಂಡು, ನನ್ನ ಮದುವೆಯಾಗಿ, ಅವ್ವ ಮಲಗಿದ್ದ ಅದೇ ಕೋಣೆಯಲ್ಲಿ ನಾನು ಹೆತ್ತೆ. ಹೆಣ್ಣು. ಅವ್ವ ಕೂಸಿನ ಬಟ್ಟೆ ಮಡಿಚುತ್ತಿದ್ದಳು. ನನಗೆ ನನ್ನ ಹುಟ್ಟು ನೆನಪಾಗಿ, "ತಲೀಲೇ ಬಂದಿದ್ದಕ್ಕ ಇಷ್ಟ ತ್ರಾಸ ಆತು. ನಾ ಕಾಲಿಲೇ ಬಂದಾಗ ನಿನಗ ಎಷ್ಟ ತ್ರಾಸ ಆಗಿತ್ತೋ ಏನೋ" ಎಂದೆ.

"ಯಾವ ಕಾಲು?" ಎಂದಳು ಅವ್ವ. "ನೀನೂ ತಲೀಲೇ ಬಂದಾಕಿ."

ನಾನು ಎದ್ದು ಕೂತೆ. ಅವ್ವ ಬಟ್ಟೆ ಮಡಿಚುವುದನ್ನು ನಿಲ್ಲಿಸಲಿಲ್ಲ. "ಮೂರನೇದೂ ಹೆಣ್ಣ ಅಂತ ಹೇಳಿ ಕಳಸಬೇಕಿತ್ತು. ಗರಗದಾಗ ನಮ್ಮವ್ವ ರಾಟಿ ತಿರುವಕೋತ ಕುಂತಾಕಿ, ಕಾಲಿಲೇ ಹುಟ್ಟೈತಿ ಅಂತ ಹೇಳಿ ಕಳಸ್ರಿ, ಆ ಮನ್ಯಾಗ ಏನರ ಒಂದ ಬೆಲೆ ಬರಲಿ ಕೂಸಿಗೆ, ಅಂದ್ಲು. ಕಳಸಿದ್ವಿ."

"ಹಂಗಾರ ಅವತ್ತ ಯಾಕ ಹೇಳಲಿಲ್ಲ? ಹಲಿಗಿ ಮ್ಯಾಲೆ ಬೋರಲ ಮಲಗಿಸಿದಾಗ? ಇದರ ಕಾಲಾಗ ಏನೂ ಇಲ್ಲ ಅಂದಿದ್ರ ಆಯಿ ಬಿಟ್ಟಬಿಡ್ತಿದ್ಲು."

"ಬಿಡ್ತಿದ್ಲು. ನಿನ್ನನ್ನೂ ಬಿಡ್ತಿದ್ಲು."

"ನಿನ್ನ ಕಾಲ ಹೋಗಿದ್ರ?"

ಅವ್ವ ಮಡಿಚಿದ ಬಟ್ಟೆಯನ್ನು ಬದಿಗಿಟ್ಟಳು. "ನಾ ಎಲ್ಲಿಗೆ ಹೋಗಾಕಿದ್ದೆ? ಅಡಿಗಿ ಮನಿಗೆ. ನೀ ಸಾಲಿಗೆ ಹೊಂಟಾಕಿ" ಎಂದಳು.

ಅಷ್ಟು ವರ್ಷ ಹೊತ್ತುಕೊಂಡು ತಿರುಗಿದ ಸಿಟ್ಟನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ಕೂತೆ. ಅವ್ವ ಎದ್ದು ಬಂದು ನನ್ನ ಭುಜ ಹಿಡಿದು ಹಿಂದಕ್ಕೆ ಒರಗಿಸಿದಳು, ಇಡೀ ಮೈಯನ್ನು ಒಮ್ಮೆಲೇ, ಡಾಕ್ಟರರು ಹೇಳಿಕೊಟ್ಟ ಹಾಗೆ.

"ಬಾಣಂತಿ ಎದ್ದ ಕೂಡಬಾರದು" ಎಂದಳು. "ಸುಮ್ಮನ ಮಲಕ್ಕೊ."

ಮಲಗಿದೆ. ಹೊದಿಕೆಯ ತುದಿಯನ್ನು ಕಾಲಿಗೆ ಎಳೆಯುವಾಗ ಅವಳ ಕೈ ನನ್ನ ಎಡಗಾಲಿನ ಮೇಲೆ ಸ್ವಲ್ಪ ಹೊತ್ತು ನಿಂತಿತು. ನಾನು ಹೆಬ್ಬೆರಳು ಆಡಿಸಿದೆ.